ಅಂಗೈಗೆ ತಾಗಿದ ಉಸಿರು

ಹತ್ತು ವರ್ಷ ಒಂದೇ ಪಾಠವನ್ನು ಹೇಳಿದ ಅಧ್ಯಾಪಕನಿಗೆ ತನ್ನ ದನಿಯೇ ಜೋಗುಳವಾಗಿಬಿಡುತ್ತದೆ. ಕಾಲೇಜಿನಲ್ಲಿ ಕನ್ನಡ ಭಾಷೆಯ ಚರಿತ್ರೆಯನ್ನು ಬೋಧಿಸುವ ನನಗೆ ಈ ವರ್ಷ ಆ ಅವಸ್ಥೆ ಒದಗಿತ್ತು. ಬೇರೆ ಉದ್ಯೋಗಕ್ಕೆ ಅರ್ಜಿಯೊಂದನ್ನು ತುಂಬಿ ಮೇಜಿನ ಖಾನೆಯಲ್ಲಿ ಇರಿಸಿದ್ದೆನೆಂಬುದನ್ನು ವಾಚಕರಿಂದ ಮುಚ್ಚಿಡುವುದಿಲ್ಲ.

ಅಂಥ ದಿನಗಳಲ್ಲೊಮ್ಮೆ, ತಾಯಿಯವರು ಓದಿದ ಶಾಲೆಯ ದಾಖಲೆಯೊಂದು ಬೇಕಾಗಿ, ನೆಲಮಂಗಲ ತಾಲ್ಲೂಕಿನ ಹೋಬಳಿ ಕೇಂದ್ರವಾದ ತ್ಯಾಮಗೊಂಡ್ಲಿಗೆ ಹೋದೆ. ಮುಖ್ಯೋಪಾಧ್ಯಾಯರು ಹಳೆಯ ರಿಜಿಸ್ಟರನ್ನು ಹುಡುಕಿಸಲು ಕಳುಹಿಸಿ, "ಅಲ್ಲಿಯವರೆಗೆ ಜಗಲಿಯಲ್ಲಿ ಕೂತಿರಿ ಸಾರ್" ಎಂದರು. ಜಗಲಿಯ ಪಕ್ಕದ ಕೊಠಡಿಯಲ್ಲಿ 'ನಲಿ-ಕಲಿ' ನಡೆಯುತ್ತಿತ್ತು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಹುಟ್ಟಿ ಆಮೇಲೆ ನಾಡಿಗೆಲ್ಲ ಹಬ್ಬಿದ ಪದ್ಧತಿಯದು. ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಟ್ಟಿಗೆ ನೆಲದ ಮೇಲೆ ಗುಂಪುಗೂಡಿ ಕಲಿಯುತ್ತಾರೆ. ಆ ದಿನ ಪಾಠ ಹೇಳುತ್ತಿದ್ದವರು ಶಾಲೆಯ ಶಿಕ್ಷಕರಲ್ಲ, ಬೋಧನಾಭ್ಯಾಸಕ್ಕೆ ಬಂದ ಇಬ್ಬರು ಪ್ರಶಿಕ್ಷಣಾರ್ಥಿಗಳು. ಹಿಂದಿನ ಗೋಡೆಗೊರಗಿ ಕುಳಿತ ತರುಣ ಟಿಪ್ಪಣಿ ಬರೆಯುತ್ತಿದ್ದ. ಪಾಠದ ಸರದಿ ತರುಣಿಯದು. ಕೈಯಲ್ಲಿದ್ದ ಮಿಂಚುಪಟ್ಟಿ ನಡುಗುತ್ತಿದ್ದುದು ನನಗೆ ಕಾಣಿಸುತ್ತಿತ್ತು.

ಪಟ್ಟಿಯ ಮೇಲೆ 'ಹಾಲು' ಎಂದಿತ್ತು. ಪುಟ್ಟ ಹುಡುಗನೊಬ್ಬ ಎದ್ದು ನಿಂತು ಗಟ್ಟಿಯಾಗಿ "ಆಲು" ಎಂದ. ಮಿಕ್ಕವರು ನಕ್ಕರು. ನಕ್ಕವರಲ್ಲಿ ಅರ್ಧ ಜನ ತಾವೂ ಹಾಗೆಯೇ ಅನ್ನುವವರೆಂಬುದು ಬೇರೆ ಮಾತು. ನಾನಾಗಿದ್ದರೆ ತಿದ್ದಿ ಮುಂದಕ್ಕೆ ಹೋಗುತ್ತಿದ್ದೆ. ಆಕೆ ಹೋಗಲಿಲ್ಲ. ಹುಡುಗನ ಅಂಗೈಯನ್ನು ಅವನ ಬಾಯಿಯ ಮುಂದೆ ಹಿಡಿಸಿ, "ಆ ಅನ್ನು ಪುಟ್ಟ, ಈಗ ಹಾ ಅನ್ನು" ಎಂದಳು. ಅವನು ಎರಡು ಸಲ ಅಂದ. ಮೂರನೆಯ ಸಲ ಕಣ್ಣರಳಿಸಿ, "ಮಿಸ್, ಗಾಳಿ ಬತ್ತದೆ!" ಎಂದು ಕೂಗಿದ. ಮರುಕ್ಷಣ ಇಡೀ ಕೊಠಡಿಯೇ ಅಂಗೈಗಳಿಗೆ ಹಾ ಹಾ ಎನ್ನತೊಡಗಿತು.

ಬಿಡುವಿನಲ್ಲಿ ಆಕೆ ನನ್ನ ಬಳಿಗೆ ಬಂದು, ನಾನು ಕನ್ನಡ ಅಧ್ಯಾಪಕನೆಂದು ತಿಳಿದವಳೇ, "ಸರ್, ಅವರ ಮನೆಯಲ್ಲಿ ಎಲ್ಲರೂ ಆಲು ಎಂದೇ ಅನ್ನುತ್ತಾರೆ. ಅದು ತಪ್ಪೆಂದು ಮಗುವಿಗೆ ಹೇಗೆ ಹೇಳಲಿ?" ಎಂದು ಕೇಳಿದಳು.

ಉತ್ತರ ನನ್ನ ಟಿಪ್ಪಣಿಯಲ್ಲಿಯೇ ಇತ್ತು. ಹಳಗನ್ನಡದ 'ಪಾಲ್' ನಡುಗನ್ನಡದ ಕಾಲಕ್ಕೆ 'ಹಾಲು' ಆಯಿತು, 'ಪಳ್ಳಿ' ಹಳ್ಳಿಯಾಯಿತು. ತಮಿಳರು ಇಂದಿಗೂ 'ಪಾಲ್' ಎನ್ನುತ್ತಾರೆ. ತುಟಿಗಳು ಮುಚ್ಚಿ ತೆರೆಯುತ್ತಿದ್ದ ಪಕಾರ ಸಡಿಲಿ ಬರಿಯ ಉಸಿರಾಯಿತು. ಈ ಹುಡುಗನ ಬಾಯಲ್ಲಿ ಆ ಉಸಿರೂ ಕರಗಿತ್ತು. ಪಾಲ್, ಹಾಲು, ಆಲು: ಸಾವಿರ ವರ್ಷದ ನಡೆಯಲ್ಲಿ ಅವನು ನಮಗಿಂತ ಒಂದು ಹೆಜ್ಜೆ ಮುಂದಿದ್ದಾನೆ! ತಪ್ಪೆನ್ನಬೇಡಿ, ಮನೆಯ ಮಾತು ಒಂದು, ಪುಸ್ತಕದ ಮಾತು ಇನ್ನೊಂದು ಎನ್ನಿ ಎಂದೆ. ಪರೀಕ್ಷೆಗೆಂದು ವರ್ಷ ವರ್ಷ ಬರೆಸಿದ ಸೂತ್ರವನ್ನು ಒಂದು ಮಗುವಿನ ನಾಲಗೆಯ ಮೇಲೆ ನಾನು ಕೇಳಿದ್ದು ಅದೇ ಮೊದಲು.

ಮೈಸೂರು ಸಂಸ್ಥಾನದಲ್ಲಿ ಹೋಬಳಿಗೊಂದು ಶಾಲೆಯಿರಬೇಕೆಂದು 1868ರಲ್ಲಿ ಯೋಜನೆ ಹಾಕಿದವರು ಬಿ. ಎಲ್. ರೈಸ್. 'ಪಳ್ಳಿ'ಗಳಿರುವ ನಮ್ಮ ಶಾಸನಗಳನ್ನು 'ಎಪಿಗ್ರಾಫಿಯಾ ಕರ್ನಾಟಿಕ'ದಲ್ಲಿ ಅಚ್ಚು ಹಾಕಿಸಿದವರೂ ಅವರೇ. ಶಾಲೆಯನ್ನೂ ಶಾಸನವನ್ನೂ ಒಂದೇ ಕೈ ಹಿಡಿದಿದ್ದ ಕಾಲವದು. ನಾವು ಅವೆರಡನ್ನೂ ಬೇರೆ ಬೇರೆ ಕಟ್ಟಡಗಳಲ್ಲಿಟ್ಟು ಬೀಗ ಹಾಕಿದ್ದೇವೆ.

ಆಕೆಗೆ ಇನ್ನೂ ತರಬೇತಿ ಮುಗಿಯಬೇಕು. ಬಳಿಕ 150 ಅಂಕಗಳ ಅರ್ಹತಾ ಪರೀಕ್ಷೆ, ಅದರ ಮೇಲೆ ನೇಮಕಾತಿ ಪರೀಕ್ಷೆ. ಕೆಲಸ ಸಿಗುವುದೆಂಬ ಭರವಸೆಯಿಲ್ಲ. ಅದನ್ನು ಬಲ್ಲೆನೆಂದೂ, ನಾಳೆಯ ಪಾಠಕ್ಕೆ ಇನ್ನಷ್ಟು ಮಿಂಚುಪಟ್ಟಿಗಳನ್ನು ಬರೆಯಬೇಕೆಂದೂ ಒಂದೇ ಉಸಿರಿನಲ್ಲಿ ಹೇಳಿದಳು.

ರಿಜಿಸ್ಟರು ಅಂದು ಸಿಕ್ಕಲಿಲ್ಲ. ಮರುದಿನ ಕಾಲೇಜಿನಲ್ಲಿ ಟಿಪ್ಪಣಿಯನ್ನು ಮುಚ್ಚಿಟ್ಟು, "ಎಲ್ಲರೂ ಅಂಗೈಯನ್ನು ಬಾಯಿಯ ಮುಂದೆ ಹಿಡಿಯಿರಿ" ಎಂದೆ. ಹಿಂದಿನ ಬೆಂಚಿನವರು ನಕ್ಕರು. ಆದರೂ ಹಿಡಿದರು.