ಹಳೆಯ ಕಾರಿಗೆ ಹೊಸ ಎಂಜಿನ್: ಹೆಡರ್ ಖರೀದಿಯ ಲೆಕ್ಕಾಚಾರ

ಅಮೆರಿಕದ ಹಳೆಯ ಮಸಲ್ ಕಾರುಗಳಿಗೆ ಹೊಸ ಎಂಜಿನ್ ಕೂರಿಸಿಕೊಡುವ ಸಣ್ಣ ಕಾರ್ಯಾಗಾರವು ಮೊತ್ತವನ್ನು ಮೊದಲೇ ನಿಗದಿಪಡಿಸಿ ಕೆಲಸ ಒಪ್ಪಿಕೊಂಡಾಗ, ಅದರ ಲಾಭ ಸೋರಿಹೋಗುವುದು ಬಹುಮಟ್ಟಿಗೆ ಎಂಜಿನ್ನಿನ ಬೆಲೆಯಲ್ಲಲ್ಲ. ಎಂಜಿನ್ನಿನಿಂದ ಹೊಗೆಯನ್ನು ಹೊರಗೊಯ್ಯುವ ಹೆಡರ್ ಎಂಬ ಕೊಳವೆಗಳ ಜೋಡಿಯಲ್ಲಿ ಅದು ಸೋರುತ್ತದೆ. ಒಟ್ಟು ವೆಚ್ಚದಲ್ಲಿ ಇದರ ಪಾಲು ಅಲ್ಪ. ಆ ಕಾರಣಕ್ಕಾಗಿಯೇ ಇದನ್ನು ಕೊನೆಯಲ್ಲಿ, ಬೆಲೆಪಟ್ಟಿಯನ್ನು ಮಾತ್ರ ನೋಡಿ ಕೊಳ್ಳುವ ಅಭ್ಯಾಸ ಬೆಳೆದಿದೆ.

ಷೆವ್ರೊಲೆ ಕಂಪನಿಯ 1967ರಿಂದ 1969ರವರೆಗಿನ ಕಮಾರೊ ಕಾರನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. (ಇದನ್ನು ಮಸಲ್ ಕಾರ್ ಎನ್ನದೆ ಪೋನಿ ಕಾರ್ ಎನ್ನಬೇಕೆಂದು ವಾದಿಸುವವರಿದ್ದಾರೆ, ವ್ಯಾಪಾರಿಗೆ ಆ ಭೇದದಿಂದ ಆಗಬೇಕಾದುದೇನೂ ಇಲ್ಲ.) ಈ ಕಾರುಗಳಲ್ಲಿ ಹೆಚ್ಚಿನವು 1955ರಲ್ಲಿ ಬಂದ ‘ಸ್ಮಾಲ್ ಬ್ಲಾಕ್’ ಪೀಳಿಗೆಯ ವಿ-8 ಎಂಜಿನ್ ಹೊಂದಿದ್ದವು. ಈಗ ಅವುಗಳಿಗೆ ಎಲ್‌ಎಸ್ ಪೀಳಿಗೆಯ ಎಂಜಿನ್ ಅಳವಡಿಸುವುದು ರೂಢಿಯಾಗಿದೆ. ಈ ಪೀಳಿಗೆಯು 1997ರ ಮಾದರಿಯ ಕಾರ್ವೆಟ್ ಕಾರಿನಲ್ಲಿ 5.7 ಲೀಟರ್ ಗಾತ್ರದೊಂದಿಗೆ ಮೊದಲು ಕಾಣಿಸಿಕೊಂಡಿತು. 1999ರಿಂದ 4.8, 5.3 ಮತ್ತು 6.0 ಲೀಟರಿನ ರೂಪಗಳು ಪಿಕಪ್ ಟ್ರಕ್ಕುಗಳಲ್ಲಿ ಅಪಾರ ಸಂಖ್ಯೆಯಲ್ಲಿ ಬಂದುದರಿಂದ, ಅಪಘಾತಕ್ಕೀಡಾದ ಟ್ರಕ್ಕುಗಳ ಎಂಜಿನ್ನುಗಳು ಗುಜರಿ ಅಂಗಳಗಳಲ್ಲಿ ಸುಲಭವಾಗಿ ದೊರೆಯುತ್ತವೆ.

ಹಳೆಯ ಹೆಡರನ್ನೇ ಹೊಸ ಎಂಜಿನ್ನಿಗೆ ಬಳಸಲಾಗದು. ಹಳೆಯ ಎಂಜಿನ್ನಿನಲ್ಲಿ ನಡುವಣ ಎರಡು ಹೊಗೆರಂಧ್ರಗಳು ಒಂದರ ಪಕ್ಕಕ್ಕೊಂದು ಅಂಟಿಕೊಂಡಿರುತ್ತವೆ. ಎಲ್‌ಎಸ್ ಎಂಜಿನ್ನಿನಲ್ಲಿ ನಾಲ್ಕೂ ಸಮಾನ ಅಂತರದಲ್ಲಿರುತ್ತವೆ. ಆದುದರಿಂದ ಹೊಸದನ್ನು ಕೊಳ್ಳುವುದು ಅನಿವಾರ್ಯ. ತಕರಾರು ಹುಟ್ಟುವುದೂ ಇಲ್ಲಿಯೇ.

ಜಾಗದ ಪ್ರಶ್ನೆ

ಈ ಕಾರಿನಲ್ಲಿ ಸ್ಟೀರಿಂಗ್ ಬಾಕ್ಸ್ ಎಡಭಾಗದ ಚಾಸಿಯ ಮೇಲಿದ್ದು, ಅದರ ದಂಡಗಳು ಮುಂದಿನ ಚಕ್ರಗಳ ನಡುರೇಖೆಯ ಹಿಂದೆ ಹಾದುಹೋಗುತ್ತವೆ. ಬಲಭಾಗದಲ್ಲಿ ಎಂಜಿನ್ನಿನ ಸ್ಟಾರ್ಟರ್ ಮೋಟಾರಿದೆ. ಕೆಳಗೆ ಅಡ್ಡ ತೊಲೆ ಹಾಗೂ ಆಯಿಲ್ ಸಂಪ್ ಇವೆ. ಟ್ರಕ್ಕಿನ ಆಯಿಲ್ ಸಂಪ್ ಆಳವಾದುದರಿಂದ ಅದನ್ನು ಬದಲಿಸಲೇಬೇಕಾಗುತ್ತದೆ. ಈ ಎಲ್ಲವುಗಳ ನಡುವೆ ಎಂಟು ಕೊಳವೆಗಳು ನುಸುಳಬೇಕು. ಎಂಜಿನ್ ಅರ್ಧ ಅಂಗುಲ ಮುಂದೆ ಅಥವಾ ಹಿಂದೆ ಕುಳಿತರೂ ಕೊಳವೆ ಸ್ಟೀರಿಂಗ್ ದಂಡಕ್ಕೆ ತಾಗಬಹುದು. ಎಂಜಿನ್ ಎಲ್ಲಿ ಕೂರಬೇಕೆಂಬುದನ್ನು ನಿರ್ಧರಿಸುವುದು ಮೌಂಟ್ ಫಲಕಗಳು. ಅಂದಮೇಲೆ ಮೌಂಟ್ ಒಂದು ತಯಾರಕರದು, ಸಂಪ್ ಮತ್ತೊಬ್ಬರದು, ಹೆಡರ್ ಮೂರನೆಯವರದು ಎಂದಾದರೆ, ಮೂರೂ ಉತ್ತಮ ವಸ್ತುಗಳೇ ಆಗಿದ್ದರೂ ಅವು ಪರಸ್ಪರ ಹೊಂದುವುವೆಂಬ ಹೊಣೆಯನ್ನು ಯಾರೂ ಹೊರುವುದಿಲ್ಲ. ಆ ಹೊಣೆ ಕಾರ್ಯಾಗಾರದ ತಲೆಗೆ ಬರುತ್ತದೆ.

ಇದರ ಬೆಲೆಯೆಷ್ಟೆಂಬುದನ್ನು ತಿಳಿಯಲು ಒಂದು ಕಾಲ್ಪನಿಕ ಲೆಕ್ಕವನ್ನು ಪರಿಶೀಲಿಸಬಹುದು. ಕೂಲಿ ಗಂಟೆಗೆ 100 ಡಾಲರ್ ಎಂದಿಟ್ಟುಕೊಳ್ಳೋಣ. 350 ಡಾಲರಿನ ಅಗ್ಗದ ಜೋಡಿಯನ್ನು ಆರು ಗಂಟೆಯಲ್ಲಿ ಕೂರಿಸಬಹುದೆಂದು ಭಾವಿಸಿ 950 ಡಾಲರಿನ ಅಂದಾಜು ಕೊಡಲಾಯಿತು. ಆದರೆ ಕೊಳವೆ ತಾಗಿತು. ಎಂಜಿನ್ನನ್ನು ಎರಡು ಬಾರಿ ಎತ್ತಿ ಇಳಿಸಿ, ಸ್ಟೀರಿಂಗ್ ದಂಡವನ್ನು ಬಿಚ್ಚಿ ಜೋಡಿಸುವುದರಲ್ಲಿ ಹದಿನಾರು ಗಂಟೆ ಕಳೆಯಿತು. ವಾಸ್ತವ ವೆಚ್ಚ 1,950 ಡಾಲರ್. ಇದೇ ಕಾರಿಗೆ, ಇದೇ ಮೌಂಟಿಗೆಂದು ರೂಪಿಸಿದ 950 ಡಾಲರಿನ ಜೋಡಿ ಆರು ಗಂಟೆಯಲ್ಲಿ ಕುಳಿತಿದ್ದರೆ ಒಟ್ಟು 1,550 ಡಾಲರ್ ಆಗುತ್ತಿತ್ತು. ಖರೀದಿಯಲ್ಲಿ 600 ಡಾಲರ್ ಉಳಿಸಿದವನು ಒಟ್ಟಾರೆ 400 ಡಾಲರ್ ಹೆಚ್ಚು ತೆತ್ತಿದ್ದಾನೆ. ತಾನು ಕೊಟ್ಟ ಅಂದಾಜಿಗೆ ಹೋಲಿಸಿದರೆ 1,000 ಡಾಲರನ್ನು ಗಂಟಿನಿಂದ ಕಳೆದುಕೊಂಡಿದ್ದಾನೆ. ಖರೀದಿ ಪುಸ್ತಕದಲ್ಲಿ ಈ ನಷ್ಟ ಕಾಣಿಸದು. ಅದು ಕೂಲಿಯ ಖಾತೆಯಲ್ಲಿ ಅಡಗಿ ಕುಳಿತಿರುತ್ತದೆ. ಕೆಲಸವಾರು ಲೆಕ್ಕ ಇಡದ ಮಾಲೀಕನಿಗೆ ವರ್ಷಾಂತ್ಯದವರೆಗೂ ಅದರ ಸುಳಿವು ಸಿಗುವುದಿಲ್ಲ.

ತಯಾರಕರು ಈ ಸೂಕ್ಷ್ಮವನ್ನು ಅರಿತಿದ್ದಾರೆ. ಹೂಕರ್ ಎಂಬ ಹಳೆಯ ಹೆಡರ್ ಹೆಸರು ಇಂದು ಕೆಂಟಕಿ ರಾಜ್ಯದ ಬೌಲಿಂಗ್ ಗ್ರೀನ್ ನಗರದ ಹಾಲಿ ಸಂಸ್ಥೆಯ ಒಡೆತನದಲ್ಲಿದೆ. ಕಾರ್ಬ್ಯುರೇಟರುಗಳಿಗೆ ಹೆಸರಾದ ಆ ಸಂಸ್ಥೆಯು ಎಲ್‌ಎಸ್ ಅಳವಡಿಕೆಗೆ ಬೇಕಾದ ಮೌಂಟ್, ಆಯಿಲ್ ಸಂಪ್ ಮತ್ತು ಹೆಡರುಗಳನ್ನು ಒಂದಕ್ಕೊಂದು ಹೊಂದುವಂತೆ ರೂಪಿಸಿ ಮಾರುತ್ತದೆ. ಉಕ್ಕಿನ ಕೊಳವೆಯನ್ನು ಬಾಗಿಸಿ ಬೆಸುಗೆ ಹಾಕಬಲ್ಲವರು ಅನೇಕರಿದ್ದಾರೆ; ಗ್ರಾಹಕ ಹೆಚ್ಚಿನ ಹಣ ಕೊಡುವುದು ಇಂತಹ ಹೊಂದಿಕೆಗೆ.

ಉದ್ದ, ವ್ಯಾಸ, ಲೋಹ

ಉದ್ದ ಕೊಳವೆಯ ಹೆಡರ್ ಹೆಚ್ಚಿನ ಶಕ್ತಿ ನೀಡುತ್ತದೆ, ಆದರೆ ನೆಲಕ್ಕೆ ಹತ್ತಿರವಾಗಿ ರಸ್ತೆಯ ಉಬ್ಬುಗಳಿಗೆ ತಾಗುತ್ತದೆ. ಗಿಡ್ಡ ಕೊಳವೆಯದು ಸುಲಭವಾಗಿ ಕೂರುತ್ತದೆ, ಲಾಭ ಅಲ್ಪ. ವ್ಯಾಸದಲ್ಲಿ ದೊಡ್ಡದೇ ಒಳ್ಳೆಯದೆಂಬ ಭ್ರಮೆ ವ್ಯಾಪಕವಾಗಿದೆ. ರಸ್ತೆಯಲ್ಲಿ ಓಡುವ 5.3 ಲೀಟರಿನ ಎಂಜಿನ್ನಿಗೆ 1.625 ಅಥವಾ ಒಂದೂಮುಕ್ಕಾಲು ಅಂಗುಲ ಸಾಕು. 1.875 ಅಂಗುಲದ ಕೊಳವೆಯು ಹೆಚ್ಚು ವೇಗದಲ್ಲಿ ತಿರುಗುವ ದೊಡ್ಡ ಎಂಜಿನ್ನಿಗೆ ತಕ್ಕುದು. ಚಿಕ್ಕ ಎಂಜಿನ್ನಿನಲ್ಲಿ ಅದು ಹೊಗೆಯ ಹರಿವಿನ ವೇಗವನ್ನು ತಗ್ಗಿಸುವುದಲ್ಲದೆ, ಮೊದಲೇ ಇಕ್ಕಟ್ಟಾದ ಜಾಗವನ್ನು ಮತ್ತಷ್ಟು ಕಬಳಿಸುತ್ತದೆ. ಬಣ್ಣ ಬಳಿದ ಸಾದಾ ಉಕ್ಕು ಬೇಗ ತುಕ್ಕು ಹಿಡಿಯುತ್ತದೆ. ಸೆರಾಮಿಕ್ ಲೇಪನ ತುಕ್ಕನ್ನು ತಡೆಯುವುದರ ಜೊತೆಗೆ ಬಾನೆಟ್ಟಿನ ಒಳಗಿನ ಬಿಸಿಯನ್ನೂ ತಗ್ಗಿಸುವುದರಿಂದ ಕೊಟ್ಟ ಹಣಕ್ಕೆ ಮೋಸವಿಲ್ಲ. 304 ದರ್ಜೆಯ ಸ್ಟೇನ್‌ಲೆಸ್ ದುಬಾರಿ.

ಎಲ್‌ಎಸ್ ಎಂಜಿನ್ ಕಂಪ್ಯೂಟರಿನಿಂದ ನಡೆಯುವಂತಹುದು. ಆದುದರಿಂದ ಹೆಡರಿನಲ್ಲಿ ಆಮ್ಲಜನಕ ಸಂವೇದಕಕ್ಕೆ ಸ್ಥಾನವಿರಬೇಕು. ಅದರ ಮುಂಚಿನ ಜೋಡಣೆಯಲ್ಲಿ ಸೋರಿಕೆಯಿದ್ದರೆ ಹೊರಗಿನ ಗಾಳಿ ಒಳಸೇರಿ, ಕಂಪ್ಯೂಟರ್ ತಪ್ಪು ಲೆಕ್ಕ ಹಾಕಿ ಇಂಧನವನ್ನು ಅನಗತ್ಯವಾಗಿ ಹೆಚ್ಚಿಸುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕೂ ಹಿಂದಿನ ಮಾದರಿಯ ಪೆಟ್ರೋಲ್ ಕಾರುಗಳಿಗೆ ನಿಯತಕಾಲಿಕ ಹೊಗೆ ತಪಾಸಣೆಯಿಂದ ವಿನಾಯಿತಿಯಿದೆ. ಅದಕ್ಕೂ ಹೊಸ ಕಾರಾದರೆ ಹೆಡರಿಗೆ ಅನುಮೋದನೆ ಇದೆಯೇ ಎಂಬುದನ್ನು ಮೊದಲೇ ನೋಡಿಕೊಳ್ಳತಕ್ಕದ್ದು.

ಟ್ರಕ್ಕಿನಿಂದ ಬಂದ ಎಂಜಿನ್ನುಗಳಲ್ಲಿ ಮ್ಯಾನಿಫೋಲ್ಡ್ ಬೋಲ್ಟುಗಳು, ಅದರಲ್ಲಿಯೂ ಹಿಂಬದಿಯವು, ತುಂಡಾಗಿ ಸಿಲಿಂಡರ್ ಹೆಡ್ಡಿನಲ್ಲೇ ಉಳಿದಿರುವುದು ಸಾಮಾನ್ಯ ದೋಷ. ಅಲ್ಯೂಮಿನಿಯಂ ಹೆಡ್ಡಿನಿಂದ ಉಕ್ಕಿನ ತುಂಡನ್ನು ಎಳೆ ಕೆಡದಂತೆ ತೆಗೆಯುವುದು ಗಂಟೆಗಳ ಕೆಲಸ. ಗುಜರಿ ಅಂಗಳದಲ್ಲಿ ಬೆಲೆ ಕುದುರಿಸುವ ಮುನ್ನವೇ ಬಳಕೆಯಲ್ಲಿರುವ ಬೋಲ್ಟುಗಳ ಎಲ್ಲ ರಂಧ್ರಗಳನ್ನೂ ಟಾರ್ಚು ಹಿಡಿದು ನೋಡಿ, ತುಂಡು ಕಂಡರೆ ಅದನ್ನು ತೆಗೆಯುವ ಕೂಲಿಯನ್ನು ಎಂಜಿನ್ನಿನ ಬೆಲೆಯಿಂದ ಅಲ್ಲಿಯೇ ಕಡಿತಗೊಳಿಸಿಕೊಳ್ಳಬೇಕು.