ಹಲ್ಲಿನ ಕೀವು ಕುತ್ತಿಗೆಗೆ ಇಳಿದಾಗ

ಹಲ್ಲುನೋವಿಗೆ ಯಾರಾದರೂ ಸಾಯುತ್ತಾರಾ? ಸಾಯಬಹುದು, ಅದಕ್ಕೆ ಕಾರಣ ದವಡೆಯ ರಚನೆಯಲ್ಲೇ ಇದೆ. ಕೆಳದವಡೆಯ ಒಳಮೈಗೆ, ಬಾಯಿಯ ತಳವನ್ನು ಎತ್ತಿಹಿಡಿಯುವ ತೆಳು ಸ್ನಾಯುವೊಂದು ಅಂಟಿಕೊಂಡಿದೆ. ಕೊನೆಯ ಎರಡು ದವಡೆಹಲ್ಲುಗಳ ಬೇರಿನ ತುದಿ ಸಾಮಾನ್ಯವಾಗಿ ಆ ಸ್ನಾಯುವಿಗಿಂತ ಕೆಳಗಿರುತ್ತದೆ. ಹಾಗಾಗಿ ಅಲ್ಲಿ ಕಟ್ಟಿದ ಕೀವು ಒಳಬದಿಯ ಮೂಳೆ ಕೊರೆದು ಹೊರಬಂದರೆ ಬಾಯಿಗೆ ಬರುವುದಿಲ್ಲ, ಕುತ್ತಿಗೆಗೆ ಇಳಿಯುತ್ತದೆ. 1836ರಲ್ಲಿ ಜರ್ಮನಿಯ ವೈದ್ಯ ಲುಡ್ವಿಗ್ ವಿವರಿಸಿದ, ಹೀಗೆ ಹಬ್ಬುವ ಸೋಂಕಾದ ಲುಡ್ವಿಗ್ಸ್ ಆಂಜೈನಾದಲ್ಲಿ ಗದ್ದದಡಿ ಎರಡೂ ಬದಿ ಹಲಗೆಯಂತೆ ಗಟ್ಟಿಯಾಗಿ ಊದುತ್ತದೆ. ನಾಲಿಗೆ ಮೇಲಕ್ಕೆ, ಹಿಂದಕ್ಕೆ ಸರಿದು ಉಸಿರಿನ ದಾರಿಯೇ ಮುಚ್ಚಬಹುದು.

ನೋವು ತಾನಾಗಿ ನಿಂತಿತಲ್ಲ ಅನ್ನುತ್ತೀರಾ? ಹಲ್ಲಿನೊಳಗಿನ ನರ ಸತ್ತರೂ ನೋವು ನಿಲ್ಲುತ್ತದೆ, ಸೋಂಕು ನಿಲ್ಲುವುದಿಲ್ಲ. ಮೆಡಿಕಲ್ ಶಾಪಿನ ಆಂಟಿಬಯೋಟಿಕ್ ಸಾಲದೇ? ಸಾಲದು. ಔಷಧ ಹೋಗುವುದು ರಕ್ತದ ಜೊತೆ. ಸತ್ತ ಹಲ್ಲಿನೊಳಗೆ ರಕ್ತ ಹರಿಯುವುದಿಲ್ಲ, ಕೀವಿನ ಗಂಟಿನೊಳಗೂ ಔಷಧ ಸರಿಯಾಗಿ ಇಳಿಯದು. ರೂಟ್ ಕೆನಾಲ್ ಆಗಬೇಕು, ಇಲ್ಲವೇ ಹಲ್ಲು ಕೀಳಿಸಬೇಕು. ಸೋಂಕು ಹೀಗೆ ಕುತ್ತಿಗೆಗೆ ಇಳಿಯುವುದು ಅಪರೂಪ ನಿಜ, ಆದರೆ ಸಕ್ಕರೆ ಕಾಯಿಲೆಯವರಿಗೆ ಅಪಾಯ ಹೆಚ್ಚು, ಹಬ್ಬುವುದು ಗಂಟೆಗಳ ಲೆಕ್ಕದಲ್ಲಿ. ಬಾಯಿ ತೆರೆಯಲಾಗದಿದ್ದರೆ, ಎಂಜಲು ನುಂಗಲಾಗದೆ ಸೋರುತ್ತಿದ್ದರೆ, ದನಿ ಬದಲಾದರೆ, ಗದ್ದದಡಿ ಊದಿದರೆ ಬೆಳಗಾಗಲಿ ಎಂದು ಕಾಯಬೇಡಿ, ರಾತ್ರಿಯೇ ದೊಡ್ಡಾಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.