ಬ್ಯಾಗಿನ ಬಕಲ್: ಹಿಡಿಯಲೂ ಬೇಕು, ಬಿಡಲೂ ಬೇಕು

ಕೋರಮಂಡಲ್‌ನಲ್ಲಿ ಬಂಗಾರಪೇಟೆ ರೈಲು ಹತ್ತುವವರಿಗೆ ಗೊತ್ತು: ನೂಕುನುಗ್ಗಲಿನಲ್ಲಿ ಬ್ಯಾಗಿನ ಪಟ್ಟಿ ಬಾಗಿಲ ಸರಳಿಗೆ ಸಿಕ್ಕಿಕೊಂಡರೆ ಎದೆ ಝಲ್ಲೆನ್ನುತ್ತದೆ. ರೈಲು ಹೊರಟರೆ ಆ ಪಟ್ಟಿ ನಮ್ಮನ್ನೂ ಎಳೆದೊಯ್ಯಬಹುದು. ಅದಕ್ಕೇ ಚಾರಣದ ಬ್ಯಾಗು, ಸೈನಿಕರ ಮತ್ತು ರಕ್ಷಣಾ ತಂಡದವರ ವೆಸ್ಟುಗಳಲ್ಲಿ ತಟ್ಟನೆ ಬಿಚ್ಚುವ ಬಕಲ್‌ಗಳಿರುತ್ತವೆ.

ಇದರ ಗುಟ್ಟು ಸರಳ. ಭಾರ ಎಳೆಯುವುದು ಒಂದು ದಿಕ್ಕಿನಲ್ಲಿ, ಬಿಚ್ಚಲು ನಾವು ಒತ್ತುವುದು ಇನ್ನೊಂದು ದಿಕ್ಕಿನಲ್ಲಿ. ಪ್ಲಾಸ್ಟಿಕ್ ಬಕಲ್‌ನ ಎರಡು ಕವಲುಗಳು ಸ್ಪ್ರಿಂಗಿನಂತೆ ಬಾಗಿ ಒಳಹೋಗಿ ಅಂಚಿಗೆ ಕಚ್ಚಿಕೊಳ್ಳುತ್ತವೆ. ಎಳೆದರೆ ಬಿಡುವುದಿಲ್ಲ, ಎರಡೂ ಬದಿ ಒತ್ತಿದರೆ ಬಿಡುತ್ತವೆ.

ಐಡಿ ಕಾರ್ಡಿನ ಟ್ಯಾಗ್ ಬೇರೆ. ಅದರ ಕತ್ತಿನ ಹಿಂಭಾಗದಲ್ಲಿ, ಎಳೆದರೆ ತಾನೇ ಬಿಟ್ಟುಕೊಳ್ಳುವ ಕ್ಲಿಪ್ ಇರಬೇಕು. ಅಲ್ಲಿ ಕಾರ್ಡಿಗಿಂತ ಕತ್ತು ಮುಖ್ಯ.

ಒಳ್ಳೆಯ ಬಕಲ್‌ಗೆ ಮೂರು ಪರೀಕ್ಷೆ: ಒಂದೇ ಕೈಯಲ್ಲಿ ಬಿಚ್ಚಬೇಕು, ನೋಡದೆ ಬಿಚ್ಚಬೇಕು, ತಾನಾಗಿ ಬಿಚ್ಚಬಾರದು. ಮಣ್ಣು ತುಂಬಿದ, ಕವಲು ಬಿರುಕುಬಿಟ್ಟ ಬಕಲನ್ನು ನಂಬಬೇಡಿ.

ಇಂದು ರಾತ್ರಿ ಬ್ಯಾಗು ಹೆಗಲಿಗೇರಿಸಿ, ಕಣ್ಣು ಮುಚ್ಚಿ, ಒಂದೇ ಕೈಯಲ್ಲಿ ಎದೆಪಟ್ಟಿ ಬಿಚ್ಚಿ ನೋಡಿ. ಎದೆಪಟ್ಟಿ ಇಲ್ಲವೇ? ರೈಲು ಹತ್ತುವಾಗ, ಇಳಿಯುವಾಗ ಬ್ಯಾಗನ್ನು ಮುಂದೆ, ಕೈಯಲ್ಲಿ ಹಿಡಿದುಕೊಳ್ಳಿ. ಪುಸ್ತಕ ಹೋದರೆ ಇನ್ನೊಂದು ಸಿಗುತ್ತದೆ.